ಮ್ಯಾನ್‌ಹೋಲ್‌ಗೆ ಸೆನ್ಸರ್ ಹಾಕಿದರೆ ಒಳಚರಂಡಿ ಉಕ್ಕುವುದು ನಿಲ್ಲುತ್ತದೆಯೇ?

ಪ್ರಶ್ನೆ: ನಾನು ಒಳಚರಂಡಿ ಕೆಲಸ ನೋಡಿಕೊಳ್ಳುವ ಸಮಿತಿಯ ಸದಸ್ಯ, ಇಂಜಿನಿಯರ್ ಅಲ್ಲ. ನಮ್ಮಲ್ಲಿ ವರ್ಷಕ್ಕೆ ಹಲವು ಸಲ ಮ್ಯಾನ್‌ಹೋಲ್ ಉಕ್ಕಿ ಕೊಳಚೆ ನೀರು ರಸ್ತೆಗೆ ಬರುತ್ತದೆ. ಮಳೆ ಬಂದಾಗ ಸರಿ, ಮಳೆ ಇಲ್ಲದ ದಿನವೂ ಉಕ್ಕುತ್ತದೆ. ಈಗ ಒಂದು ಕಂಪನಿಯವರು ಬಂದು, ಎಲ್ಲ ಮ್ಯಾನ್‌ಹೋಲ್‌ಗೂ ಸ್ಮಾರ್ಟ್ ಸೆನ್ಸರ್ ಹಾಕುತ್ತೇವೆ, ಇನ್ನು ಉಕ್ಕುವ ಮಾತೇ ಇಲ್ಲ ಎನ್ನುತ್ತಿದ್ದಾರೆ. ನಂಬಬಹುದೇ? ಎಲ್ಲ ಕಡೆಯೂ ಹಾಕಬೇಕೇ? ಒಪ್ಪಂದಕ್ಕೆ ಮೊದಲು ಏನೇನು ಕೇಳಬೇಕು?

ಉತ್ತರ: ಅರ್ಧ ನಂಬಬಹುದು. ಸೆನ್ಸರ್ ಒಳ್ಳೆಯ ವಸ್ತು, ನಾನೂ ಅದರ ಪರವೇ. ಆದರೆ ಅದು ನೀರನ್ನು ತಡೆಯುವುದಿಲ್ಲ, ಪೈಪ್ ತೊಳೆಯುವುದಿಲ್ಲ. ನೀರು ಏರಲು ಶುರುವಾದ ಹೊತ್ತಿಗೂ ಮುಚ್ಚಳದಿಂದ ಆಚೆ ಬರುವ ಹೊತ್ತಿಗೂ ನಡುವೆ ಒಂದಿಷ್ಟು ಸಮಯ ಇರುತ್ತದೆ. ಸೆನ್ಸರ್ ಇಲ್ಲದಿದ್ದರೆ ಆ ಸಮಯ ಯಾರಿಗೂ ಗೊತ್ತಾಗದೆ ಕಳೆದುಹೋಗುತ್ತದೆ. ಇದ್ದರೆ ಅದು ನಿಮ್ಮ ಕೈಗೆ ಸಿಗುತ್ತದೆ. ಅಷ್ಟರೊಳಗೆ ಜೆಟ್ಟಿಂಗ್ ಮಷಿನ್, ಅಂದರೆ ಜೋರಾದ ನೀರಿನ ಧಾರೆ ಬಿಟ್ಟು ಪೈಪ್ ತೊಳೆಯುವ ಗಾಡಿ, ಜಾಗಕ್ಕೆ ಬಂದರೆ ಉಕ್ಕುವುದಿಲ್ಲ. ಬಾರದಿದ್ದರೆ ಮೊದಲಿನಂತೆಯೇ ಉಕ್ಕುತ್ತದೆ, ಎಷ್ಟು ಗಂಟೆಗೆ ಉಕ್ಕಿತು ಎನ್ನುವುದು ಮಾತ್ರ ನಿಖರವಾಗಿ ದಾಖಲಾಗಿರುತ್ತದೆ.

ಇದು ಸುಮ್ನೆ ಹೇಳುವ ಮಾತಲ್ಲ. ಇಂಗ್ಲೆಂಡಿನಲ್ಲಿ ಮಳೆನೀರು ಮತ್ತು ಕೊಳಚೆ ಒಂದೇ ಪೈಪಿನಲ್ಲಿ ಹರಿಯುವ ಹಳೆಯ ಜಾಲ ಬಹಳ ಇದೆ. ಅಲ್ಲಿ ಹೊಳೆ, ಸಮುದ್ರಕ್ಕೆ ಉಕ್ಕಿ ಹರಿಯುವ ಬಾಯಿಗಳು 14 ಸಾವಿರಕ್ಕೂ ಹೆಚ್ಚು. 2023ರ ಕೊನೆಯ ಹೊತ್ತಿಗೆ ಅವೆಲ್ಲಕ್ಕೂ ಮಾಪಕ ಹಾಕಿ ಮುಗಿಸಿದರು. ಅದೇ ವರ್ಷ ದಾಖಲಾದದ್ದು 4,64,056 ಸಲ ಉಕ್ಕಿದ್ದು, ಒಟ್ಟು ಸುಮಾರು 36 ಲಕ್ಷ ಗಂಟೆ. ಹಿಂದಿನ ವರ್ಷಕ್ಕಿಂತ ಜಾಸ್ತಿ, ಏಕೆಂದರೆ ಆ ವರ್ಷ ಮಳೆಯೂ ಜಾಸ್ತಿ ಇತ್ತು. ಆ ಮಾಪಕಗಳನ್ನು ಹಾಕಿದ್ದೇ ಲೆಕ್ಕ ಇಡಲು. ಲೆಕ್ಕ ಸಿಕ್ಕಿತು, ಜನರಿಗೆ ಸತ್ಯ ಗೊತ್ತಾಯಿತು, ಅದೂ ದೊಡ್ಡ ಲಾಭವೇ. ಆದರೆ ಲೆಕ್ಕ ಇಟ್ಟ ಮಾತ್ರಕ್ಕೆ ನೀರು ನಿಲ್ಲಲಿಲ್ಲ. ನಿಮ್ಮ ಕಂಪನಿಯವರನ್ನು ಮೊದಲು ಕೇಳಬೇಕಾದ್ದೂ ಇದನ್ನೇ: ನೀವು ಮಾರುತ್ತಿರುವುದು ಲೆಕ್ಕವೋ, ಮುನ್ಸೂಚನೆಯೋ?

ಇನ್ನು ಉಕ್ಕುವುದರಲ್ಲೂ ಬಗೆಗಳಿವೆ. ಒಂದು, ಪೈಪ್ ಕಟ್ಟಿಕೊಂಡು ಉಕ್ಕುವುದು. ಎರಡು, ಮಳೆನೀರು ಒಳಗೆ ನುಗ್ಗಿ ಪೈಪಿಗೆ ಹಿಡಿಸದೆ ಉಕ್ಕುವುದು. ಮೂರು, ಪಂಪ್ ಕೈಕೊಟ್ಟು ಉಕ್ಕುವುದು. ಪೈಪ್ ಒಡೆದೂ ಉಕ್ಕುತ್ತದೆ, ಆದರೆ ಅದು ಬೇರೆಯೇ ಕಥೆ. ನಿಮ್ಮಲ್ಲಿ ಮಳೆ ಇಲ್ಲದ ದಿನವೂ ಉಕ್ಕುತ್ತದೆ ಎಂದಿದ್ದೀರಿ. ಹಾಗಿದ್ದರೆ ಮೊದಲನೆಯ ಬಗೆ ನಿಮ್ಮಲ್ಲಿ ಬಹುಶಃ ಇದೆ, ಮೂರನೆಯದೂ ಇರಬಹುದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2004ರಲ್ಲಿ ಅಲ್ಲಿನ ಸಂಸತ್ತಿಗೆ ಕೊಟ್ಟ ವರದಿಯಲ್ಲಿ, ಕೊಳಚೆಗೆಂದೇ ಇರುವ ಜಾಲಗಳಲ್ಲಿ ಕಾರಣ ಗೊತ್ತಾದ ಉಕ್ಕುವಿಕೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ಪೈಪ್ ಕಟ್ಟಿಕೊಂಡದ್ದೇ ಕಾರಣ ಎಂದಿತ್ತು. ಕಟ್ಟಿಕೊಳ್ಳಲು ಮುಖ್ಯ ಕಾರಣ ಜಿಡ್ಡು. ಆಮೇಲೆ ಹೂಳು, ಕಲ್ಲು, ಮರದ ಬೇರು. ಸೆನ್ಸರ್ ಚೆನ್ನಾಗಿ ಕೆಲಸಕ್ಕೆ ಬರುವುದು ಈ ಬಗೆಗೇ. ಅದಕ್ಕೇ ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಎಷ್ಟು ಸಮಯ ಸಿಗುತ್ತದೆ ಎನ್ನುವುದನ್ನು ಕಾಗದದ ಮೇಲೆ ಲೆಕ್ಕ ಹಾಕಬಹುದು. 300 ಮಿಲಿಮೀಟರ್ ವ್ಯಾಸದ ಪೈಪ್ ಇದೆ ಎಂದಿಟ್ಟುಕೊಳ್ಳಿ. ಇಳಿಜಾರು 200 ಮೀಟರಿಗೆ ಒಂದು ಮೀಟರ್. ಪ್ರತಿ 30 ಮೀಟರಿಗೆ ಒಂದು ಮ್ಯಾನ್‌ಹೋಲ್, ಅಗಲ 1.2 ಮೀಟರ್. ಪೈಪ್ ಕಟ್ಟಿಕೊಂಡ ಜಾಗದಲ್ಲಿ ಆಳ 3 ಮೀಟರ್. ಹರಿಯುವ ನೀರು ಸೆಕೆಂಡಿಗೆ 5 ಲೀಟರ್, ಅಂದರೆ ಸುಮಾರು ನಾಲ್ಕು ಸಾವಿರ ಜನರ ಮನೆಗಳ ನೀರು. ಪೈಪ್ ಪೂರ್ತಿ ಕಟ್ಟಿಕೊಂಡರೆ ನೀರು ಹಿಂದಕ್ಕೆ ತುಂಬುತ್ತಾ ಹೋಗುತ್ತದೆ. ಇಳಿಜಾರು ಕಡಿಮೆ ಇರುವುದರಿಂದ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರದ ಪೈಪ್, ಹದಿನೆಂಟು ಮ್ಯಾನ್‌ಹೋಲ್ ತುಂಬಬೇಕು. ಒಟ್ಟು ಸುಮಾರು 60 ಸಾವಿರ ಲೀಟರ್ ಹಿಡಿಯುವ ಜಾಗ. ಸರಾಸರಿ ಹರಿವಿನಲ್ಲಿ ಅದು ತುಂಬಲು ಮೂರು ಗಂಟೆಗೂ ಮಿಕ್ಕಿ ಬೇಕು. ಬೆಳಗ್ಗೆ ಎಲ್ಲರೂ ನೀರು ಬಳಸುವ ಹೊತ್ತಿನಲ್ಲಿ ಹರಿವು 12 ಲೀಟರಿಗೆ ಏರಿದರೆ ಒಂದೂವರೆ ಗಂಟೆಯೂ ಸಿಗುವುದಿಲ್ಲ.

ಈಗ ಇಳಿಜಾರನ್ನು ಮಾತ್ರ ಬದಲಿಸಿ, 50 ಮೀಟರಿಗೆ ಒಂದು ಮೀಟರ್ ಮಾಡಿ. ಆಗ ನೀರು ಹಿಂದಕ್ಕೆ ನಿಲ್ಲುವುದು ಬರೀ 135 ಮೀಟರ್. ನಾಲ್ಕೈದು ಮ್ಯಾನ್‌ಹೋಲ್, ಸುಮಾರು 16 ಸಾವಿರ ಲೀಟರ್. ಸರಾಸರಿ ಹರಿವಿಗೆ ಒಂದು ಗಂಟೆಗಿಂತ ಕಡಿಮೆ, ಬೆಳಗಿನ ಹೊತ್ತಿಗೆ ಇಪ್ಪತ್ತು-ಇಪ್ಪತ್ತೈದು ನಿಮಿಷ. ಸೆನ್ಸರ್ 15 ನಿಮಿಷಕ್ಕೊಮ್ಮೆ ಅಳೆದು, ಎರಡು ಸಲ ಖಾತ್ರಿ ಮಾಡಿಕೊಂಡು, ಆಮೇಲೆ ಸಂದೇಶ ಕಳಿಸುವಷ್ಟರಲ್ಲಿ ನೀರು ರಸ್ತೆಯಲ್ಲಿರುತ್ತದೆ. ಅದೇ ಕಂಪನಿ, ಅದೇ ಸೆನ್ಸರ್. ಒಂದು ಬೀದಿಯಲ್ಲಿ ಸಾಕಾಗುತ್ತದೆ, ಪಕ್ಕದ ಬೀದಿಯಲ್ಲಿ ಸಾಕಾಗುವುದಿಲ್ಲ. ಎಲ್ಲ ಕಡೆಗೂ ಒಂದೇ ಸೆಟ್ಟಿಂಗ್ ಎನ್ನುವವರನ್ನು ಈ ಲೆಕ್ಕ ತೋರಿಸಿ ಕೇಳಿ.

ಈ ಲೆಕ್ಕದಲ್ಲಿ ಬಹಳ ಜನ ಮರೆಯುವ ಒಂದು ಸಂಗತಿ ಇದೆ. ನೀರು ಮುಚ್ಚಳದಿಂದಲೇ ಆಚೆ ಬರಬೇಕೆಂದಿಲ್ಲ, ಎಲ್ಲಿ ಬಾಯಿ ತಗ್ಗಿನಲ್ಲಿದೆಯೋ ಅಲ್ಲಿ ಬರುತ್ತದೆ. ರಸ್ತೆಗಿಂತ ಕೆಳಗಿರುವ ಮನೆಯ ಬಚ್ಚಲು, ನೆಲಮಾಳಿಗೆಯ ಶೌಚಾಲಯ ಇವೆಲ್ಲ ಮುಚ್ಚಳಕ್ಕಿಂತ ಒಂದು ಮೀಟರ್ ತಗ್ಗಿನಲ್ಲಿದ್ದರೆ ರಸ್ತೆ ಒಣಗಿರುವಾಗಲೇ ಆ ಮನೆಯೊಳಗೆ ಕೊಳಚೆ ತುಂಬಿರುತ್ತದೆ. ಸೆನ್ಸರಿನ ಅಂಕಿ ತೋರಿಸುವ ಕಂಪ್ಯೂಟರ್ ಪರದೆಯಲ್ಲಿ, ಅಂದರೆ ಡ್ಯಾಶ್‌ಬೋರ್ಡಿನಲ್ಲಿ, ಮಾತ್ರ ಎಲ್ಲ ಹಸಿರು. ಹಾಗಾಗಿ ಅಲಾರಂ ಮಟ್ಟವನ್ನು ಮುಚ್ಚಳದಿಂದ ಕೆಳಗೆ ಇಷ್ಟು ಎಂದು ಇಡಬಾರದು. ಆ ಬೀದಿಯ ಅತಿ ತಗ್ಗಿನ ಮನೆಯ ಸಂಪರ್ಕ ಎಲ್ಲಿದೆ ಎಂದು ನೋಡಿ, ಅದಕ್ಕಿಂತ ಸಾಕಷ್ಟು ಕೆಳಗೆ ಇಡಬೇಕು.

ಸಮಾಧಾನದ ಸಂಗತಿ ಏನೆಂದರೆ ಪೈಪ್ ಹೀಗೆ ಒಂದೇ ಏಟಿಗೆ ಕಟ್ಟಿಕೊಳ್ಳುವುದು ಕಡಿಮೆ. ಜಿಡ್ಡು ಪದರ ಪದರವಾಗಿ ಕೂರುತ್ತದೆ, ಅದಕ್ಕೆ ಬಟ್ಟೆ, ಒದ್ದೆ ಟಿಶ್ಯೂ ಸಿಕ್ಕಿಕೊಳ್ಳುತ್ತವೆ. ಇದಕ್ಕೆ ದಿನಗಳು, ವಾರಗಳೇ ಹಿಡಿಯುತ್ತವೆ. ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ 2017ರಲ್ಲಿ ಸಿಕ್ಕ ಜಿಡ್ಡಿನ ಗಡ್ಡೆ 250 ಮೀಟರ್ ಉದ್ದ, 130 ಟನ್ ತೂಕ ಇತ್ತು. ಅದೇನು ರಾತ್ರೋರಾತ್ರಿ ಬೆಳೆದದ್ದಲ್ಲವಲ್ಲ. ಇಷ್ಟು ನಿಧಾನಕ್ಕೆ ಬೆಳೆಯುವುದನ್ನು ಮೊದಲೇ ಹಿಡಿಯುವುದಾದರೆ ನಿಮಗೆ ಸಿಗುವುದು ಗಂಟೆಗಳಲ್ಲ, ದಿನಗಳು. ಆದರೆ ಅದಕ್ಕೆ ಅಲಾರಂ ಕಾಯುತ್ತಾ ಕೂತರೆ ಆಗದು, ಗ್ರಾಫ್ ಓದಬೇಕು.

ಗ್ರಾಫ್ ಓದುವುದು ಕಷ್ಟವಲ್ಲ. ಮೇಲೆ ಹೇಳಿದ ಕಡಿಮೆ ಇಳಿಜಾರಿನ ಪೈಪನ್ನೇ ತೆಗೆದುಕೊಳ್ಳಿ. ಅದು ಆರೋಗ್ಯವಾಗಿದ್ದಾಗ ರಾತ್ರಿ ಮೂರರ ಸುಮಾರಿಗೆ ತಳದಲ್ಲಿ 25 ಮಿಲಿಮೀಟರ್ ನೀರು ಇರುತ್ತದೆ. ಬೆಳಗ್ಗೆ ಏಳೆಂಟರ ಹೊತ್ತಿಗೆ 85ಕ್ಕೆ ಏರುತ್ತದೆ. ಮಧ್ಯಾಹ್ನ ಇಳಿದು, ಸಂಜೆ ಮತ್ತೆ ಸ್ವಲ್ಪ ಏರಿ, ರಾತ್ರಿ ತಳಕ್ಕೆ ಬರುತ್ತದೆ. ದಿನಾ ಇದೇ ಎರಡು ದಿಬ್ಬ. ಈಗ ಕೆಳಗಡೆ ಎಲ್ಲೋ ಹೂಳು ಕೂರಲು ಶುರುವಾಯಿತು ಎಂದಿಟ್ಟುಕೊಳ್ಳಿ. ಬೆಳಗಿನ ದಿಬ್ಬ ಹೆಚ್ಚುಕಡಿಮೆ ಮೊದಲಿನಷ್ಟೇ ಇರುತ್ತದೆ. ಬದಲಾಗುವುದು ರಾತ್ರಿಯ ತಳ. 25 ಇದ್ದದ್ದು 30, ಕೆಲವು ದಿನ ಬಿಟ್ಟು 40, ಆಮೇಲೆ 60. ಹೂಳಿನ ದಿಣ್ಣೆ ಸಣ್ಣ ಕಟ್ಟೆಯಾಗಿ ನಿಂತು, ಅದರ ಹಿಂದೆ ನೀರು ಹರಿದುಹೋಗದೆ ಉಳಿಯುತ್ತದೆ. ಹರಿವು ಕಡಿಮೆ ಇರುವಾಗಲೇ ಅದು ಎದ್ದು ಕಾಣುವುದು. ಈ ಹಂತದಲ್ಲಿ ಯಾವ ಅಲಾರಂ ಕೂಡ ಹೊಡೆಯುವುದಿಲ್ಲ, ಏಕೆಂದರೆ 60 ಮಿಲಿಮೀಟರ್ ಎನ್ನುವುದು ಹಗಲಿನ ಮಟ್ಟದಲ್ಲಿ ಏನೇನೂ ಅಲ್ಲ. ರಾತ್ರಿ ಮೂರಕ್ಕೆ ಮಾತ್ರ ಅದು ದೊಡ್ಡ ಸುದ್ದಿ.

ಬೇರು ಮತ್ತು ಜಿಡ್ಡಿನ ಕಥೆ ಹಲವು ಸಲ ಇದಕ್ಕೆ ತಿರುವುಮುರುವು. ಬೇರು ಸಾಮಾನ್ಯವಾಗಿ ಪೈಪಿನ ಜಾಯಿಂಟ್‌ಗಳಿಂದ ನುಸುಳಿ ಮೇಲಿನಿಂದ ಜೋತುಬೀಳುತ್ತದೆ. ಜಿಡ್ಡು ನೀರು ಮುಟ್ಟುವ ಅಂಚಿನಲ್ಲಿ, ಅದರ ಮೇಲ್ಗಡೆ ಹತ್ತಿಕೊಳ್ಳುತ್ತದೆ. ಆಗ ರಾತ್ರಿಯ ಕಡಿಮೆ ನೀರು ಅಡಿಯಿಂದ ಸಲೀಸಾಗಿ ಹೋಗುತ್ತದೆ. ಬೆಳಗಿನ ನೀರು ಮೇಲಕ್ಕೆ ಬಂದಾಗ ಸಿಕ್ಕಿಹಾಕಿಕೊಳ್ಳುತ್ತದೆ. ಹೀಗಾಗಿ ತಳ ಹಾಗೇ ಇದ್ದು ದಿಬ್ಬ ಮಾತ್ರ ಬೆಳೆಯುತ್ತದೆ, ಇಳಿಯುವುದೂ ತಡವಾಗುತ್ತದೆ. ಇದು ನೂರಕ್ಕೆ ನೂರು ನಿಯಮವಲ್ಲ. ಆದರೆ ಜೆಟ್ಟಿಂಗ್ ಗಾಡಿಗೆ ಯಾವ ನಾಝಲ್ ಹಾಕಿಕೊಂಡು ಹೋಗಬೇಕು, ಬೇರು ಕತ್ತರಿಸುವ ಕಟರ್ ಬೇಕಾ ಎಂದು ಮೊದಲೇ ಅಂದಾಜು ಮಾಡಲು ಸಾಕು.

ಕಂಪನಿಗಳು ಕೃತಕ ಬುದ್ಧಿಮತ್ತೆ ಎಂದು ಹೇಳುವುದು ಬಹುಪಾಲು ಇದನ್ನೇ. ಈ ಜಾಗದಲ್ಲಿ, ಈ ವಾರದಲ್ಲಿ, ಈ ಗಂಟೆಗೆ, ಇಷ್ಟು ಮಳೆಗೆ ನೀರು ಎಷ್ಟಿರಬೇಕಿತ್ತು, ಎಷ್ಟಿದೆ ಎಂದು ಹೋಲಿಸುವುದು. ಒಳ್ಳೆಯದೇ, ಇನ್ನೂರು ಗ್ರಾಫನ್ನು ದಿನಾ ಕೂತು ನೋಡಲು ಯಾರಿಂದ ಸಾಧ್ಯ? ಆದರೆ ಅದಕ್ಕೂ ಕಲಿಯಲು ಕೆಲವು ವಾರಗಳ ಒಣ ದಿನಗಳ ಅಳತೆ ಬೇಕು. ಒಂದು ಮಳೆಗಾಲ ಕಳೆಯುವವರೆಗೆ ಮಳೆಯ ಲೆಕ್ಕವೂ ಅದಕ್ಕೆ ಗೊತ್ತಿರುವುದಿಲ್ಲ. ಹಾಕಿದ ಮಾರನೇ ದಿನದಿಂದಲೇ ಮುನ್ಸೂಚನೆ ಎನ್ನುವವರು ಆಫೀಸಿನಲ್ಲಿ ಕೂತು ಒಂದು ಅಂಕಿ ತುಂಬಿರುತ್ತಾರೆ, ಅಷ್ಟೇ.

ಒಂದೇ ಸೆನ್ಸರಿಗಿಂತ ಒಂದೇ ಸಾಲಿನಲ್ಲಿ ಎರಡು ಇದ್ದರೆ ಮಾಹಿತಿ ದುಪ್ಪಟ್ಟಿಗಿಂತ ಜಾಸ್ತಿ. ಮೇಲಿನದರಲ್ಲಿ, ಅಂದರೆ ನೀರು ಮೊದಲು ಹಾದುಬರುವ ಕಡೆಯದರಲ್ಲಿ, ನೀರು ಏರುತ್ತಿದೆ, ಅದೇ ಹೊತ್ತಿಗೆ ಕೆಳಗಿನದರಲ್ಲಿ ಇಳಿಯುತ್ತಿದೆ ಎಂದರೆ ಅನುಮಾನವೇ ಬೇಡ, ಅಡ್ಡಿ ಇರುವುದು ಇವೆರಡರ ನಡುವೆ. ಎರಡೂ ಒಟ್ಟಿಗೆ ಏರಿದರೆ ಮಳೆ ಇರಬೇಕು, ಇಲ್ಲವೇ ತೊಂದರೆ ಇನ್ನೂ ಕೆಳಗೆ, ಮುಖ್ಯ ಕೊಳವೆಯಲ್ಲೋ ಪಂಪಿನಲ್ಲೋ ಇದೆ. ಗಾಡಿಯನ್ನು ಯಾವ ಬೀದಿಗೆ ಕಳಿಸಬೇಕು ಎನ್ನುವ ನಿರ್ಧಾರ ಇದರಿಂದಲೇ ಆಗುತ್ತದೆ.

ಇದರಿಂದ ಇನ್ನೊಂದು ಉಳಿತಾಯವೂ ಇದೆ. ಪದೇ ಪದೇ ಕಟ್ಟಿಕೊಳ್ಳುವ ಜಾಗಗಳನ್ನು ಹಲವು ಕಡೆ ಕ್ಯಾಲೆಂಡರ್ ನೋಡಿ ತೊಳೆಯುತ್ತಾರೆ. ತಿಂಗಳಾಯಿತಾ, ತೊಳಿ. ಅಮೆರಿಕದ ಸ್ಯಾನ್ ಆಂಟೋನಿಯೊ ನಗರದ ನೀರು ಸಂಸ್ಥೆ ಇಂಥ ಕೆಲವು ಜಾಗಗಳಲ್ಲಿ ಸೆನ್ಸರ್ ಹಾಕಿ, ಗ್ರಾಫ್ ಬದಲಾದಾಗ ಮಾತ್ರ ತೊಳೆಯಲು ಶುರು ಮಾಡಿತು. ತೊಳೆಯುವ ಸರದಿಗಳು ಬಹಳ ಕಡಿಮೆಯಾದವು. ಸುಮ್ಮನೆ ತೊಳೆಯುತ್ತಿದ್ದ ಗಾಡಿ ನಿಜಕ್ಕೂ ಬೇಕಾದ ಕಡೆಗೆ ಸಿಗುತ್ತದೆ. ನನ್ನ ಕೇಳಿದರೆ, ಸೆನ್ಸರಿನ ಖರ್ಚಿಗೆ ಇರುವ ಗಟ್ಟಿ ಸಮರ್ಥನೆ ಇದೇ.

ಇನ್ನು ಮಳೆ. ಇಲ್ಲಿ ಸೆನ್ಸರಿನ ಕೈ ಕಟ್ಟಿದಂತೆ. ಪೈಪಿಗೆ ಹಿಡಿಸುವುದಕ್ಕಿಂತ ಜಾಸ್ತಿ ನೀರು ಬಂದರೆ ಎಷ್ಟು ಬೇಗ ಗೊತ್ತಾದರೂ ಎಲ್ಲಿಗೆ ಕಳಿಸುತ್ತೀರಿ? ಆದರೆ ರೋಗ ಯಾವುದು ಎಂದು ಹೇಳಲು ಅದು ಬಹಳ ಉಪಯೋಗಕ್ಕೆ ಬರುತ್ತದೆ. ಪಕ್ಕದಲ್ಲೊಂದು ಮಳೆಮಾಪಕವೂ ಇರಲಿ. ಮಳೆ ಶುರುವಾಗಿ ಅರ್ಧ-ಮುಕ್ಕಾಲು ಗಂಟೆಯೊಳಗೆ ಮಟ್ಟ ಜಿಗಿದು, ಮಳೆ ನಿಂತ ಸ್ವಲ್ಪ ಹೊತ್ತಿಗೇ ಇಳಿದರೆ, ಯಾರೋ ಛಾವಣಿಯ ನೀರನ್ನೋ ಅಂಗಳದ ನೀರನ್ನೋ ನೇರವಾಗಿ ಒಳಚರಂಡಿಗೆ ಬಿಟ್ಟಿದ್ದಾರೆ. ಇಲ್ಲವೇ ತಗ್ಗಿನಲ್ಲಿರುವ ಮುಚ್ಚಳದ ಮೂಲಕ ರಸ್ತೆ ನೀರು ಇಳಿಯುತ್ತಿದೆ. ಅದು ಬಿಟ್ಟು, ಮಟ್ಟ ನಿಧಾನಕ್ಕೆ ಏರಿ, ಮಳೆ ನಿಂತು ದಿನಗಳಾದರೂ ರಾತ್ರಿಯ ತಳ ಮೇಲೆಯೇ ಇದ್ದರೆ, ಬಿರುಕು ಬಿಟ್ಟ ಪೈಪಿನಿಂದ ಅಂತರ್ಜಲ ಒಳಗೆ ಸೋರುತ್ತಿದೆ. ಮೊದಲನೆಯದಕ್ಕೆ ಪೈಪಿಗೆ ಹೊಗೆ ಬಿಟ್ಟು ಎಲ್ಲೆಲ್ಲಿ ಏಳುತ್ತದೆ ಎಂದು ನೋಡಿ, ಅಕ್ರಮ ಸಂಪರ್ಕ ತಪ್ಪಿಸಬೇಕು. ಎರಡನೆಯದಕ್ಕೆ ಕ್ಯಾಮೆರಾ ಇಳಿಸಿ ಪೈಪ್ ರಿಪೇರಿ ಮಾಡಬೇಕು. ಎರಡೂ ಬೇರೆ ಬೇರೆ ಕೆಲಸ, ಬೇರೆ ಬೇರೆ ಬಜೆಟ್. ಅಳತೆ ಇಲ್ಲದೆ ಹೋದರೆ ಹಲವು ಕಡೆ ಮಾಡುವುದು ಒಂದೇ: ಇನ್ನೂ ದೊಡ್ಡ ಪೈಪ್ ಹಾಕುವುದು.

ಮಳೆಯ ಉಕ್ಕುವಿಕೆಯನ್ನೂ ತಂತ್ರಜ್ಞಾನದಿಂದ ಕಡಿಮೆ ಮಾಡಿದ ಊರುಗಳಿವೆ, ಇಲ್ಲ ಎನ್ನಲಾರೆ. ಅಮೆರಿಕದ ಇಂಡಿಯಾನಾ ರಾಜ್ಯದ ಸೌತ್ ಬೆಂಡ್ ನಗರ 2008ರಿಂದ ಶುರು ಮಾಡಿ, ಅಲ್ಲೇ ಹತ್ತಿರದ ನಾಟರ್ ಡೇಮ್ ವಿಶ್ವವಿದ್ಯಾಲಯದ ಸಂಶೋಧಕರ ಜೊತೆಗೂಡಿ ನೂರಕ್ಕೂ ಹೆಚ್ಚು ಸೆನ್ಸರ್ ಹಾಕಿತು. ಸೇಂಟ್ ಜೋಸೆಫ್ ನದಿಗೆ ಉಕ್ಕುವ ಕೊಳಚೆಯ ಪ್ರಮಾಣ ಸುಮಾರು 70 ಶೇಕಡಾ ಇಳಿಯಿತು ಎನ್ನುತ್ತದೆ ನಗರದ ಲೆಕ್ಕ. ಆದರೆ ಅಲ್ಲಿ ಸೆನ್ಸರ್ ಜೊತೆ ತಾನಾಗಿ ತೆರೆದು ಮುಚ್ಚುವ ಕವಾಟಗಳೂ ಇದ್ದವು. ದೊಡ್ಡ ದೊಡ್ಡ ಪೈಪುಗಳಲ್ಲಿ ಖಾಲಿ ಜಾಗವೂ ಇತ್ತು. ಒಂದು ಕಡೆ ತುಂಬುತ್ತಿದ್ದಾಗ ಇನ್ನೊಂದು ಕಡೆ ಅರ್ಧ ಖಾಲಿ ಇದ್ದ ಪೈಪಿನಲ್ಲಿ ನೀರನ್ನು ಹಿಡಿದಿಟ್ಟುಕೊಂಡರು. ಕಂಪನಿಯವರು ನಿಮಗೆ ಈ ಊರಿನ ಉದಾಹರಣೆ ಕೊಟ್ಟರೆ ಕೇಳಿ: ನಮ್ಮಲ್ಲಿ ನೀರು ಹಿಡಿದಿಡಲು ಜಾಗ ಎಲ್ಲಿದೆ? ಕವಾಟ ಯಾರು ಹಾಕುತ್ತಾರೆ? ಸಣ್ಣ ಪೈಪುಗಳ ಜಾಲದಲ್ಲಿ ಆ ಜಾಗವೇ ಇರುವುದಿಲ್ಲ.

ಪಂಪಿಂಗ್ ಸ್ಟೇಷನ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಆದರೆ ಮೊದಲು ಕೈ ಹಾಕಬೇಕಾದ್ದು ಅಲ್ಲಿಗೇ. ಒಂದು ಪಂಪ್ ನಿಂತರೆ ಇಡೀ ಬಡಾವಣೆಯ ನೀರು ಹಿಂದೆ ನಿಲ್ಲುತ್ತದೆ. ಅಲ್ಲಿ ಅಳೆಯುವುದೂ ಸುಲಭ, ಕರೆಂಟ್ ಇದೆ, ಕಟ್ಟಡ ಇದೆ. ವೆಟ್‌ವೆಲ್‌ನ, ಅಂದರೆ ಪಂಪ್ ಎತ್ತುವ ಮೊದಲು ಕೊಳಚೆ ಬಂದು ಸೇರುವ ಗುಂಡಿಯ, ನೀರಿನ ಮಟ್ಟದ ಜೊತೆ, ಪ್ರತಿ ಪಂಪ್ ಎಷ್ಟು ಹೊತ್ತು ಓಡಿತು, ಎಷ್ಟು ಸಲ ಆನ್ ಆಯಿತು, ಎಷ್ಟು ಆಂಪಿಯರ್ ಎಳೆಯಿತು ಎಂದು ದಾಖಲಾಗಲಿ. ಅಷ್ಟೇ ನೀರನ್ನು ಎತ್ತಲು ಪಂಪ್ ಮೊದಲಿಗಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿದ್ದರೆ ಪಂಪಿನೊಳಗೆ ತಿರುಗುವ ಚಕ್ರ (ಇಂಪೆಲ್ಲರ್) ಸವೆದಿದೆ, ಇಲ್ಲವೇ ಬಟ್ಟೆ ಸುತ್ತಿಕೊಂಡಿದೆ, ಇಲ್ಲವೇ ನೀರು ಹಿಂದಕ್ಕೆ ಹರಿಯದಂತೆ ತಡೆಯಬೇಕಾದ ಚೆಕ್ ವಾಲ್ವ್‌ನಿಂದ ನೀರು ವಾಪಸ್ ಬರುತ್ತಿದೆ. ಒಂದು ಮಾತ್ರ ನೆನಪಿಡಿ. ಅಲಾರಂ ಕಳಿಸುವ ಪೆಟ್ಟಿಗೆಗೆ ಬೇರೆ ಬ್ಯಾಟರಿ ಇರಲೇಬೇಕು. ಕರೆಂಟ್ ಹೋಗಿ ಪಂಪ್ ನಿಂತ ಹೊತ್ತಿಗೇ ಅಲಾರಂ ಕೂಡ ಸತ್ತರೆ ಏನು ಪ್ರಯೋಜನ? ಜೊತೆಗೆ ಹಳೇ ಕಾಲದ ತೇಲುವ ಸ್ವಿಚ್ ಒಂದನ್ನು ಕೊನೇ ಕಾವಲಿಗೆ ಬಿಡಿ. ಅದರಷ್ಟು ನಂಬಿಕೆಯ ಸೆನ್ಸರ್ ಇನ್ನೊಂದಿಲ್ಲ.

ಈಗ ಸೆನ್ಸರಿನ ಬಗ್ಗೆಯೇ. ಒಳಚರಂಡಿಯೊಳಗೆ ಇರುವುದು ಯಾವ ಉಪಕರಣಕ್ಕೂ ಸುಖದ ಬಾಳಲ್ಲ. ಅಲ್ಟ್ರಾಸಾನಿಕ್ ಸೆನ್ಸರ್ ಮೇಲಿನಿಂದ ಶಬ್ದ ಕಳಿಸಿ, ಅದು ನೀರಿಗೆ ಬಡಿದು ವಾಪಸ್ ಬರುವ ಹೊತ್ತು ನೋಡಿ ಮಟ್ಟ ಹೇಳುತ್ತದೆ. ಖರ್ಚು ಕಡಿಮೆ. ಆದರೆ ನೊರೆ ಬಂದರೆ ಶಬ್ದ ವಾಪಸ್ ಬರುವುದಿಲ್ಲ. ಮುಖಕ್ಕೆ ಹಬೆಯ ಹನಿ ಕೂತರೆ ತಪ್ಪು ಹೇಳುತ್ತದೆ. ಜೇಡ ಬಲೆ ಕಟ್ಟಿದರೆ ಬಲೆಯನ್ನೇ ನೀರು ಎಂದುಕೊಳ್ಳುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಅದರ ಮುಖದ ಹತ್ತಿರ ಸುಮಾರು ಒಂದು ಗೇಣಿನಷ್ಟು ಜಾಗದಲ್ಲಿ ಅದು ಕುರುಡು. ನೀರು ಅಲ್ಲಿಗೆ ಏರಿದಾಗ, ಅಂದರೆ ಅಳತೆ ತುಂಬಾ ಬೇಕಾದ ಹೊತ್ತಿನಲ್ಲೇ, ಏನೇನೋ ಅಂಕಿ ಕೊಡುತ್ತದೆ. ರಾಡಾರ್ ಸೆನ್ಸರಿಗೆ ಈ ಕುರುಡು ಜಾಗ ಕಡಿಮೆ, ಹಬೆಯ ಕಾಟವೂ ಕಡಿಮೆ, ಖರ್ಚು ಜಾಸ್ತಿ. ಒತ್ತಡ ನೋಡಿ ಮಟ್ಟ ಹೇಳುವ ಸೆನ್ಸರ್ ನೀರಿನಲ್ಲೇ ಇರುವುದರಿಂದ ಮ್ಯಾನ್‌ಹೋಲ್ ಪೂರ್ತಿ ತುಂಬಿದರೂ ಸರಿಯಾಗಿಯೇ ಅಳೆಯುತ್ತದೆ, ಆದರೆ ಅದರ ತಂತಿಗೆ ಬಟ್ಟೆ, ಕೂದಲು ಸುತ್ತಿಕೊಂಡು ಅದೇ ಒಂದು ಅಡ್ಡಿಯಾಗಿಬಿಡಬಹುದು. ಹಾಗಾಗಿ ಮುಖ್ಯ ಜಾಗಗಳಲ್ಲಿ ಮೇಲೊಂದು ರಾಡಾರ್ ಅಥವಾ ಅಲ್ಟ್ರಾಸಾನಿಕ್, ಅದು ಕುರುಡಾಗುವ ಎತ್ತರದಲ್ಲೊಂದು ಒತ್ತಡದ ಸೆನ್ಸರ್ ಅಥವಾ ತೇಲುವ ಸ್ವಿಚ್ ಇರಲಿ.

ತಪ್ಪು ಅಂಕಿ ಗುರುತಿಸುವುದನ್ನೂ ನಿಮ್ಮವರು ಕಲಿತಿರಬೇಕು. ನೀರಿನ ಮಟ್ಟ ಯಾವತ್ತೂ ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ. ಎರಡು ದಿನದಿಂದ ಗ್ರಾಫ್ ಗೆರೆ ಎಳೆದಷ್ಟು ನೇರ ಇದ್ದರೆ ಅದು ನೀರಲ್ಲ, ಬಲೆಯೋ ಬಟ್ಟೆಯೋ. ಡ್ಯಾಶ್‌ಬೋರ್ಡ್ ಇದನ್ನು ಸುರಕ್ಷಿತ ಎಂದು ಹಸಿರು ತೋರಿಸುತ್ತದೆ. ನನಗೆ ಕೆಂಪು ಚುಕ್ಕಿಗಿಂತ ಅಲುಗದ ಹಸಿರು ಚುಕ್ಕಿಯ ಮೇಲೇ ಅನುಮಾನ ಜಾಸ್ತಿ.

ಸಂದೇಶ ಕಳಿಸುವುದೂ ಸಲೀಸಲ್ಲ. ಎರಕದ ಕಬ್ಬಿಣದ ಮುಚ್ಚಳದ ಕೆಳಗಿನಿಂದ ಸಿಗ್ನಲ್ ಆಚೆ ಬರಲು ಒದ್ದಾಡುತ್ತದೆ. ಮುಚ್ಚಳದಲ್ಲೇ ಆಂಟೆನಾ ಕೂರಿಸಬೇಕು, ಇಲ್ಲವೇ ಕಬ್ಬಿಣವಲ್ಲದ ಮುಚ್ಚಳ ಹಾಕಬೇಕು. ಸಿಗ್ನಲ್ ಬಲ ಕಡಿಮೆ ಇದ್ದಷ್ಟೂ ಮತ್ತೆ ಮತ್ತೆ ಪ್ರಯತ್ನಿಸಿ ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಬ್ಯಾಟರಿ ಹತ್ತು ವರ್ಷ ಬರುತ್ತದೆ ಎಂದರೆ ಎಷ್ಟು ನಿಮಿಷಕ್ಕೊಮ್ಮೆ ಅಳೆದರೆ, ದಿನಕ್ಕೆ ಎಷ್ಟು ಸಲ ಕಳಿಸಿದರೆ ಎಂದು ತಿರುಗಿ ಕೇಳಿ. ಕೆಲವು ಉಪಕರಣಗಳು 15 ನಿಮಿಷಕ್ಕೊಮ್ಮೆ ಅಳೆದರೂ ಅಂಕಿಗಳನ್ನು ಒಟ್ಟುಗೂಡಿಸಿಟ್ಟು ದಿನಕ್ಕೆ ಒಂದೆರಡು ಸಲ ಮಾತ್ರ ಕಳಿಸುತ್ತವೆ. ಅದು ತಪ್ಪಲ್ಲ, ಆದರೆ ಮಟ್ಟ ಗೆರೆ ದಾಟಿದ ಕೂಡಲೇ ತಾನಾಗಿ ಎದ್ದು ಸಂದೇಶ ಕಳಿಸಿ, ಅಲ್ಲಿಂದಾಚೆ ಐದು ನಿಮಿಷಕ್ಕೊಮ್ಮೆ ಅಳೆಯುವ ಹಾಗಿರಬೇಕು.

ಕೆಲಸದವರ ಜೀವದ ಮಾತು ಇಲ್ಲಿ ಹೇಳಲೇಬೇಕು. ಸೆನ್ಸರ್ ಕೂರಿಸಲಿಕ್ಕಾಗಲೀ ತೊಳೆಯಲಿಕ್ಕಾಗಲೀ ಯಾರೂ ಒಳಗೆ ಇಳಿಯುವ ಹಾಗಿರಬಾರದು. ಉದ್ದ ಕೋಲಿನಿಂದ, ಮೇಲಿನಿಂದಲೇ ಸಿಕ್ಕಿಸಿ ತೆಗೆಯುವ ಬ್ರಾಕೆಟ್ ಸಿಗುತ್ತದೆ, ಅದನ್ನೇ ಕೇಳಿ. ಒಳಗೆ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗೊತ್ತಾಗುತ್ತದಲ್ಲ ಎಂದುಕೊಳ್ಳುತ್ತಾರೆ. ಗಾಳಿಯಲ್ಲಿ ಅದು ದಶಲಕ್ಷಕ್ಕೆ 100 ಭಾಗದ ಆಸುಪಾಸಿಗೆ ಬಂದಾಗ ಮೂಗಿಗೆ ವಾಸನೆಯೇ ಹತ್ತುವುದಿಲ್ಲ. ಮೀಥೇನ್ ಕೂಡ ಇರುವುದರಿಂದ ಉಪಕರಣದಿಂದ ಕಿಡಿ ಹಾರುವ ಹಾಗಿರಬಾರದು, ಸ್ಫೋಟಕ ಅನಿಲವಿರುವ ಜಾಗಕ್ಕೆ ಯೋಗ್ಯ ಎಂಬ ಪ್ರಮಾಣಪತ್ರ ಇರಬೇಕು. ಮೊಬೈಲಿಗೆ ಮಾಡಿದ ಪೆಟ್ಟಿಗೆಯನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಇಳಿಬಿಡುವವರೂ ಇದ್ದಾರೆ. ಅಂಥವರನ್ನು ಬಾಗಿಲಿಂದಲೇ ವಾಪಸ್ ಕಳಿಸಿ.

ಎಲ್ಲ ಮ್ಯಾನ್‌ಹೋಲ್‌ಗೂ ಬೇಕಾ ಎಂದಿರಿ. ಖಂಡಿತ ಬೇಡ. ಸಾವಿರ ಸೆನ್ಸರ್ ಹಾಕಿದರೆ ಸಾವಿರ ಬ್ಯಾಟರಿ, ಸಾವಿರ ಜೇಡರ ಬಲೆ. ನೂರು ಮ್ಯಾನ್‌ಹೋಲ್‌ಗೆ ಎರಡು-ಮೂರರಂತೆ ಶುರು ಮಾಡಿದರೆ ಸಾಕು ಎನ್ನುವುದು ನನ್ನ ಅಂದಾಜು. ಎಲ್ಲಿ ಹಾಕಬೇಕೆಂದು ನಿಮ್ಮ ದೂರು ಪುಸ್ತಕವೇ ಹೇಳುತ್ತದೆ. ಎರಡು-ಮೂರು ವರ್ಷದ ದೂರುಗಳನ್ನು ನಕ್ಷೆಯ ಮೇಲೆ ಗುರುತು ಮಾಡಿ. ಅವೇ ಅವೇ ಬೀದಿಗಳು ಮತ್ತೆ ಮತ್ತೆ ಬರುತ್ತವೆ. ಜೊತೆಗೆ ಇಳಿಜಾರು ತೀರಾ ಕಡಿಮೆ ಇರುವ ಸಾಲು, ಎರಡು-ಮೂರು ಪೈಪು ಕೂಡುವ ಜಾಗ, ಹೊಳೆ ಅಥವಾ ಕೆರೆಯ ಪಕ್ಕದ ಸಾಲು, ನೆಲಮಾಳಿಗೆ ಇರುವ ಬೀದಿ, ಪಂಪಿಂಗ್ ಸ್ಟೇಷನ್‌ಗೆ ಸ್ವಲ್ಪ ಮೊದಲಿನ ಮ್ಯಾನ್‌ಹೋಲ್. ಉಕ್ಕುವ ಮ್ಯಾನ್‌ಹೋಲ್‌ನಲ್ಲೇ ಹಾಕಬೇಕೆಂದಿಲ್ಲ. ಕಟ್ಟಿಕೊಳ್ಳುವ ಜಾಗಕ್ಕೆ ಹತ್ತಿರ, ನೀರು ಹರಿದುಬರುವ ಕಡೆಯ ಆಳವಾದ ಮ್ಯಾನ್‌ಹೋಲ್‌ನಲ್ಲಿ ಹಾಕಿದರೆ ಬೇಗ ಗೊತ್ತಾಗುತ್ತದೆ.

ಇಷ್ಟೆಲ್ಲ ಆದಮೇಲೂ ಅಲಾರಂ ಹೊಡೆದಾಗ ಫೋನ್ ಎತ್ತುವವರು ಯಾರು? ಹೆಚ್ಚಿನ ಕಡೆ ಯೋಜನೆ ಸೋಲುವುದು ಇಲ್ಲೇ. ಮೊದಲ ತಿಂಗಳು ಅಲಾರಂ ಮಟ್ಟ ತೀರಾ ಕೆಳಗಿಟ್ಟು ದಿನಕ್ಕೆ ಹತ್ತು ಸಲ ಹೊಡೆಸುತ್ತಾರೆ. ಎರಡನೇ ತಿಂಗಳು ಆ ನಂಬರನ್ನೇ ಸೈಲೆಂಟ್ ಮಾಡಿರುತ್ತಾರೆ. ಮೂರು ಮಟ್ಟ ಇರಲಿ. ಮೊದಲನೆಯದು ಬರೀ ನೋಡಿಕೊಳ್ಳಿ ಎನ್ನುವುದು, ಅದು ಬೆಳಗಿನ ವರದಿಯಲ್ಲಿ ಬಂದರೆ ಸಾಕು. ಎರಡನೆಯದು ಇವತ್ತೇ ಹೋಗಿ ಮುಚ್ಚಳ ತೆಗೆದು ನೋಡಿ ಎನ್ನುವುದು. ಮೂರನೆಯದಕ್ಕೆ ರಾತ್ರಿ ಎರಡಾದರೂ ಗಾಡಿ ಹೊರಡಬೇಕು. ಹೋದವರು ಅಲ್ಲಿ ಏನು ಕಂಡಿತು ಎಂದು ಒಂದು ಸಾಲು ಬರೆಯಬೇಕು: ಜಿಡ್ಡು, ಬೇರು, ಏನೂ ಇರಲಿಲ್ಲ, ಸೆನ್ಸರ್‌ಗೆ ಬಟ್ಟೆ ಸುತ್ತಿತ್ತು. ಈ ಒಂದು ಸಾಲು ವಾಪಸ್ ಬಾರದಿದ್ದರೆ ಯಾವ ಸಾಫ್ಟ್‌ವೇರೂ ಸುಧಾರಿಸುವುದಿಲ್ಲ.

ಹಾಗಾಗಿ ಒಂದು ಮಾತು ಖಡಾಖಂಡಿತ ಹೇಳುತ್ತೇನೆ. ನಿಮ್ಮಲ್ಲಿ ಒಂದು ಗಂಟೆಯೊಳಗೆ ಜಾಗ ತಲುಪುವ ಜೆಟ್ಟಿಂಗ್ ಮಷಿನ್ ಇಲ್ಲದಿದ್ದರೆ, ಪೈಪುಗಳ ತಳದ ಮಟ್ಟ, ಇಳಿಜಾರು ತೋರಿಸುವ ಸರಿಯಾದ ನಕ್ಷೆ ಇಲ್ಲದಿದ್ದರೆ, ಈ ವರ್ಷದ ಹಣವನ್ನು ಅವಕ್ಕೆ ಹಾಕಿ. ಸೆನ್ಸರ್ ಮುಂದಿನ ವರ್ಷ ನೋಡೋಣ. ಕಂಪನಿಯವರಿಗೆ ಈ ಮಾತು ಹಿಡಿಸಲಿಕ್ಕಿಲ್ಲ.

ಇವೆರಡೂ ಇದೆ ಎಂದಾದರೆ ಒಪ್ಪಂದದಲ್ಲಿ ಸೆನ್ಸರಿನ ಲೆಕ್ಕಕ್ಕೆ ದುಡ್ಡು ಕೊಡಬೇಡಿ, ಸರಿಯಾದ ಅಳತೆ ಬಂದ ದಿನಗಳ ಲೆಕ್ಕಕ್ಕೆ ಕೊಡಿ. ತಿಂಗಳಲ್ಲಿ ಶೇಕಡಾ ಇಷ್ಟು ಹೊತ್ತು ನಂಬುವಂಥ ಅಂಕಿ ಬಂದಿರಬೇಕು, ಇಲ್ಲದಿದ್ದರೆ ಕಡಿತ. ತೊಳೆಯುವುದು, ಬ್ಯಾಟರಿ ಬದಲಿಸುವುದು, ಸಿಮ್ ಖರ್ಚು ಯಾರದು ಎಂದು ಬರೆಸಿ. ಹಾಕುವಾಗ ಒಂದು ಸಲ, ಆಮೇಲೆ ಕೆಲವು ತಿಂಗಳಿಗೊಮ್ಮೆ ಮುಚ್ಚಳ ತೆಗೆದು, ಮೇಲಿನಿಂದ ಅಳತೆ ಕೋಲು ಇಳಿಸಿ ಸೆನ್ಸರಿನ ಅಂಕಿ ತಾಳೆ ನೋಡುವ ಷರತ್ತು ಇರಲಿ. ಮೊದಲು ಹತ್ತು-ಹದಿನೈದು ಜಾಗದಲ್ಲಿ ಒಂದು ಪೂರ್ತಿ ಮಳೆಗಾಲ ಪರೀಕ್ಷೆ ಆಗಲಿ. ಅಷ್ಟರಲ್ಲಿ ಎಷ್ಟು ಸಲ ಉಕ್ಕಿತು, ಅದರಲ್ಲಿ ಎಷ್ಟಕ್ಕೆ ಮೊದಲೇ ಸೂಚನೆ ಸಿಕ್ಕಿತ್ತು, ಎಷ್ಟು ಗಂಟೆ ಮೊದಲು ಎಂದು ಅವರೇ ಲೆಕ್ಕ ಒಪ್ಪಿಸಬೇಕು. ಅಳತೆಯ ಅಂಕಿಗಳೆಲ್ಲ ನಿಮ್ಮ ಸಂಸ್ಥೆಯ ಸ್ವತ್ತು, ಒಪ್ಪಂದ ಮುಗಿದ ದಿನ ಬೇರೆ ಯಾವ ಸಾಫ್ಟ್‌ವೇರಿನಲ್ಲಾದರೂ ತೆರೆಯುವ ರೂಪದಲ್ಲಿ ಕೊಡಬೇಕು ಎನ್ನುವುದನ್ನೂ ಸೇರಿಸಿ. ಇದಕ್ಕೆ ಒಪ್ಪದೆ ತಕರಾರು ತೆಗೆಯುವ ಕಂಪನಿಯಾದರೆ ಇನ್ನೊಬ್ಬರನ್ನು ನೋಡಿ.